ಬೀಗದಕೈ ಯಾರಲ್ಲೂ ಇಲ್ಲ!

"ನಾಳೆ ಸಾಯಂಕಾಲದೊಳಗೆ ಈ ಮನೆ ಕಂಪ್ಯೂಟರಿಗೆ ಬೀಗ ಜಡೀತೀನಿ! ಬೇಡದ ಒಂದೇ ಒಂದು ಜಾಲತಾಣ ಹೊಸ್ತಿಲು ದಾಟಿ ಒಳಗೆ ಬಂದರೆ, ನಾನು ಈ ಕಸುಬನ್ನೇ ಬಿಟ್ಟುಬಿಡ್ತೀನಿ!"

ಬೀಗದ ಡಾಕ್ಟರು ಹೀಗೆಂದು ಊಟದ ಮೇಜನ್ನು ಗುದ್ದಿದರು. ಲೋಟ ಉರುಳಿತು. ಅವರ ಹೆಂಡತಿ ಬಟ್ಟೆ ತಂದು ನೀರು ಒರೆಸುತ್ತಾ, "ಕಸುಬು ಬಿಡೋದು ಆಮೇಲೆ. ಮೊದಲು ಮೇಜು ಬಿಡಿ" ಎಂದರು.

ಡಾಕ್ಟರು ಎಂದರೆ ಇಂಜೆಕ್ಷನ್ ಚುಚ್ಚುವ ಡಾಕ್ಟರಲ್ಲ. ಬೀಗ ರಿಪೇರಿಯವರು. ಅಂಗಡಿಯ ಬೋರ್ಡಿನ ಮೇಲೆ 'ಬೀಗಗಳ ಆಸ್ಪತ್ರೆ' ಎಂದು ಬರೆಸಿದ್ದರಿಂದ ಬೀದಿಯವರೆಲ್ಲ ಸೇರಿ ಕೊಟ್ಟ ಪದವಿ ಅದು. ಇಪ್ಪತ್ತಾರು ವರ್ಷದ ಅನುಭವ! ತುಕ್ಕು ಹಿಡಿದು ಉಸಿರು ನಿಂತ ಬೀಗಗಳಿಗೆ ಮರುಜನ್ಮ ಕೊಟ್ಟವರು. ನ್ಯಾಯಾಧೀಶರೊಬ್ಬರನ್ನು ಅವರದೇ ಬಚ್ಚಲಮನೆಯಿಂದ ಜಾಮೀನಿಲ್ಲದೆ ಬಿಡುಗಡೆ ಮಾಡಿಸಿದವರು. ಬೀಗದವರು ಬೀಗದೆ ಇನ್ಯಾರು ಬೀಗಬೇಕು?

ಈ ಶಪಥಕ್ಕೆ ಕಾರಣವಿತ್ತು. ಹಿಂದಿನ ದಿನ ಡಾಕ್ಟರು ಹೊಸ ನಮೂನೆಯ ಬೀಗವೊಂದರ ಚಿತ್ರವನ್ನು ತೋರಿಸಲು ಮನೆಮಂದಿಯನ್ನೆಲ್ಲ ಕಂಪ್ಯೂಟರಿನ ಮುಂದೆ ಕೂರಿಸಿದ್ದರು. ಹೆಂಡತಿ, ಹೈಸ್ಕೂಲು ಓದುವ ಮಗಳು, ಎಪ್ಪತ್ತೆರಡರ ತಾಯಿ. ಬೀಗದ ಒಳರಚನೆಯನ್ನು ಅವರು ಮೈಮರೆತು ಬಣ್ಣಿಸುತ್ತಿದ್ದಾಗ, ಪರದೆಯ ನಡುಮಧ್ಯೆ ಹೆಂಗಸೊಬ್ಬಳು ಧುತ್ತೆಂದು ಪ್ರತ್ಯಕ್ಷಳಾಗಿ ಕಣ್ಣು ಹೊಡೆದಳು. ಕೆಳಗೆ ದಪ್ಪಕ್ಷರದಲ್ಲಿ, 'ನಿಮ್ಮ ವಯಸ್ಸಿನ ಒಂಟಿ ಗಂಡಸರಿಗಾಗಿ ಕಾದಿದ್ದೇನೆ!'

ಅಮ್ಮ ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. "ಯಾರೋ ಇವಳು? ಗುರುತಿನವಳಾ?"

"ಒಂಟಿ ಗಂಡಸರಂತೆ ಅತ್ತೆ. ಹಾಗಾದ್ರೆ ನಾವು ಮೂರು ಜನ ಯಾರು?" ಎಂದರು ಹೆಂಡತಿ.

"ಲೇ, ಅದು ತಾನಾಗೇ ಬಂತು ಕಣೇ!"

"ಸುಮ್ಸುಮ್ನೆ ಯಾರು ಬಂದು ಕಣ್ಣು ಹೊಡೀತಾರೆ ರೀ? ಯಾರೋ ಕಿಟಕಿ ತೆಗೆದಿರಬೇಕು."

ಡಾಕ್ಟರು ಗಾಬರಿಯಿಂದ ಮೂಲೆಯ ಗುಣಾಕಾರದ ಗುರುತನ್ನು ಒತ್ತಿದರು. ಗುಣಾಕಾರವೇ ಆಯಿತು! ಒಬ್ಬಳಿದ್ದವಳು ಮೂವರಾದಳು. ಮಗಳು ಬಿದ್ದು ಬಿದ್ದು ನಕ್ಕಳು. ಡಾಕ್ಟರು ಕೊನೆಗೆ ಗೋಡೆಯ ಪ್ಲಗ್ಗನ್ನೇ ಕಿತ್ತು ಮಾನ ಉಳಿಸಿಕೊಂಡರು. ಉಳಿದಷ್ಟು.

"ಅಪ್ಪಾ, ಇದಕ್ಕೆಲ್ಲ ಯಾಕೆ ತಲೆ ಕೆಡಿಸ್ಕೋತೀಯ? ಬೇಡದ ಸೈಟುಗಳ ಹೆಸರು ಪಟ್ಟಿ ಮಾಡಿ ಬ್ಲಾಕ್ ಮಾಡಿದ್ರೆ ಮುಗೀತು" ಎಂದು ಮಗಳು ಸಲಹೆ ಕೊಟ್ಟಳು.

ಡಾಕ್ಟರು ನಕ್ಕರು. ವೃತ್ತಿನಿರತನೊಬ್ಬ ಹವ್ಯಾಸಿಯನ್ನು ನೋಡಿ ನಗುವ ನಗು ಅದು. "ಪಟ್ಟಿ? ಮನೆ ಬಾಗಿಲಿಗೆ ಕಳ್ಳರ ಹೆಸರು ಬರೆದು ಅಂಟಿಸಿ, ಇವರನ್ನ ಬಿಟ್ಟು ಉಳಿದೋರೆಲ್ಲ ಬನ್ನಿ ಅಂತೀವೇನಮ್ಮ? ಬೀಗ ಹಾಕ್ತೀವಿ! ಕೀ ಇರೋರಿಗೆ ಮಾತ್ರ ಒಳಗೆ ದಾರಿ!"

ಅಂದರೆ ಎಲ್ಲವೂ ಬಂದ್. ಡಾಕ್ಟರು ಒಪ್ಪಿದ ಜಾಲತಾಣ ಮಾತ್ರ ಚಾಲೂ. ಬೀಗ ಹಾಕುವುದೂ ಕಂಪ್ಯೂಟರಿಗಲ್ಲ. ಇಂಟರ್‌ನೆಟ್ ಮನೆಯೊಳಗೆ ಕಾಲಿಡುವುದೇ ಹಜಾರದ ಗೋಡೆಗೆ ಹೊಡೆದ, ಎರಡು ಕೊಂಬಿನ ಪೆಟ್ಟಿಗೆಯ ಮೂಲಕ. ಬೀಗ ಆ ಹೆಬ್ಬಾಗಿಲಿಗೇ! ಯಾರಿಗೆ ಯಾವ ಜಾಲತಾಣ ಬೇಕೋ ಅವರು ಶುಕ್ರವಾರ ಸಂಜೆಯೊಳಗೆ ಲಿಖಿತ ಅರ್ಜಿ ಕೊಡತಕ್ಕದ್ದು ಎಂದು ಫ್ರಿಜ್ಜಿನ ಮೇಲೆ ಸುತ್ತೋಲೆ ಹತ್ತಿತು.

ಮಗಳು ಹತ್ತೊಂಬತ್ತು ಹೆಸರು ಬರೆದಳು. ನಿಘಂಟು ಮತ್ತು ಶಾಲೆಯ ಪುಟ ಎರಡಕ್ಕೆ ಮಂಜೂರಾತಿ ಸಿಕ್ಕಿತು. ಅಮ್ಮ ಮನೆಮದ್ದಿನ ಒಂದೇ ಒಂದು ಜಾಲತಾಣ ಕೇಳಿದರು. ಅದನ್ನು ಓದಿ ಒಂದೇ ತಿಂಗಳಲ್ಲಿ ಮಗನಿಗೆ ಏಳು ಕಾಯಿಲೆ ಕಂಡುಹಿಡಿದಿದ್ದರಿಂದ ಅರ್ಜಿ ವಜಾ! ಬೀಗ ತಯಾರಕರ ಹದಿಮೂರು ಜಾಲತಾಣಗಳಿಗೆ ಡಾಕ್ಟರು ತಮಗೆ ತಾವೇ ಅನುಮತಿ ಕೊಟ್ಟುಕೊಂಡರು, ಸರ್ವಾನುಮತದಿಂದ.

ಹೆಂಡತಿ ಅರ್ಜಿಯನ್ನೇ ಕೊಡಲಿಲ್ಲ.

"ನನ್ನ ಮನೆ ಕಂಪ್ಯೂಟರಿಗೆ ನಾನೇ ಅರ್ಜಿ ಹಾಕ್ಕೋಬೇಕಾ? ಆಗಲ್ಲ ರೀ. ಬಾಯಲ್ಲಿ ಹೇಳ್ತಿದೀನಿ, ಕೇಳಿಸ್ಕೊಳ್ಳಿ. ಶನಿವಾರ ನಾಲ್ಕು ಗಂಟೆಗೆ ನನ್ನ ಸಂದರ್ಶನ."

ಹೆಂಡತಿ ಹನ್ನೆರಡು ವರ್ಷದಿಂದ ಮೂರು ಕೋಣೆಯ ಪುಟ್ಟ ಶಾಲೆಯೊಂದರಲ್ಲಿ ಟೀಚರು. ಈಗ ದೊಡ್ಡ ಶಾಲೆಯೊಂದಕ್ಕೆ ಮುಖ್ಯ ಶಿಕ್ಷಕಿ ಬೇಕಾಗಿತ್ತು. ಜೀವಮಾನದಲ್ಲಿ ಮೊದಲ ಸಲ ಆಕೆ ಒಂದು ದೊಡ್ಡ ಹುದ್ದೆಗೆ ಕೈ ಚಾಚಿದ್ದರು. ನೂರಾರು ಅರ್ಜಿಗಳಲ್ಲಿ ನಾಲ್ವರನ್ನು ಆರಿಸಿ ಕರೆದಿದ್ದರು. ಸಮಿತಿಯವರು ಕಂಪ್ಯೂಟರಿನಲ್ಲೇ ಮುಖ ನೋಡಿ ಮಾತಾಡಿಸುವುದು, ಗೊತ್ತಾದ ಹೊತ್ತಿಗೆ ಬಾರದವರನ್ನು ಕೈಬಿಡುವುದು ಎಂದು ಪತ್ರದಲ್ಲಿ ಸ್ಪಷ್ಟವಾಗಿತ್ತು. ಆಕೆ ಹದಿನೈದು ದಿನದಿಂದ ಕನ್ನಡಿಯ ಮುಂದೆ ನಿಂತು ಉತ್ತರ ಹೇಳಿಕೊಳ್ಳುತ್ತಿದ್ದರು. ಕನ್ನಡಿಗೂ ಬಾಯಿಪಾಠವಾಗಿತ್ತು.

"ಅಷ್ಟೇ ತಾನೆ? ಶನಿವಾರ ಬೀಗ ತೆಗೆದು, ನಿನ್ನ ಸಂದರ್ಶನ ಒಳಗೆ ಬಿಟ್ಟು, ಮತ್ತೆ ಹಾಕೋದು. ಒಂದು ನಿಮಿಷದ ಕೆಲಸ!" ಎಂದು ಡಾಕ್ಟರು ಅಭಯಹಸ್ತ ತೋರಿಸಿದರು.

ಇನ್ನು ಉಳಿದದ್ದು ಪಾಸ್‌ವರ್ಡು. ಇಲ್ಲಿ ಡಾಕ್ಟರ ವೃತ್ತಿಧರ್ಮ ಅಡ್ಡ ಬಂತು. ಬೀಗ ಹಾಕಿದವನ ಕೈಯಲ್ಲಿ ಪೂರ್ತಿ ಕೀ ಇರಬಾರದು ಎಂಬುದು ಅವರು ಇಪ್ಪತ್ತಾರು ವರ್ಷ ಪಾಲಿಸಿದ ವ್ರತ. ಜೊತೆಗೆ ಜಗತ್ತಿನ ಬೀಗಗಳಲ್ಲೆಲ್ಲ ಅವರಿಗೆ ಪರಮಪೂಜ್ಯವಾದದ್ದು ಬ್ಯಾಂಕಿನ ಲಾಕರು. ಗಿರಾಕಿಯ ಕೀ ಒಂದು, ಬ್ಯಾಂಕಿನ ಕೀ ಒಂದು, ಎರಡೂ ಸೇರದೆ ಬಾಗಿಲು ತೆರೆಯದು! ಎರಡೇ ಕೀಗೆ ಅಷ್ಟು ಭದ್ರವಾದರೆ, ಮೂರಕ್ಕೆ?

ಶುಕ್ರವಾರ ಸಂಜೆ ಪಾಸ್‌ವರ್ಡಿನ ತ್ರಿಪಕ್ಷೀಯ ಸಮಾರಂಭ ನಡೆಯಿತು. ಮೊದಲ ತುಂಡನ್ನು ಡಾಕ್ಟರು ಒತ್ತಿದರು, ಉಳಿದವರು ಗೋಡೆ ನೋಡಿದರು. ಎರಡನೆಯದನ್ನು ಮಗಳು ಒತ್ತಿದಳು. ಮೂರನೆಯದು ಅಮ್ಮನ ಸರದಿ. ಯಾರು ಏನು ಒತ್ತಿದರೂ ಪರದೆಯ ಮೇಲೆ ಬರೀ ಚುಕ್ಕಿ. 'ಇನ್ನೊಮ್ಮೆ ಒತ್ತಿ' ಎಂದು ಕೇಳುವ ಬುದ್ಧಿ ಆ ಅಗ್ಗದ ಪೆಟ್ಟಿಗೆಗೆ ಇರಲಿಲ್ಲ.

"ಅಮ್ಮಾ, ಯಾರಿಗೂ ಗೊತ್ತಾಗಬಾರದು, ನೆನಪಿರಲಿ!" ಎಂದು ಡಾಕ್ಟರು ಬೆನ್ನು ತಿರುಗಿಸಿಯೇ ಎಚ್ಚರಿಸಿದರು.

"ಆಯ್ತಪ್ಪ" ಎಂದರು ಅಮ್ಮ. ಟಕಟಕ ಎಂಟು ಸಲ ಸದ್ದಾಯಿತು. ಬೀಗ ಬಿತ್ತು.

ಶನಿವಾರ ಮಧ್ಯಾಹ್ನ ಎರಡಕ್ಕೆ ಸಂದರ್ಶನದ ವಿಳಾಸ ಫೋನಿಗೆ ಸಂದೇಶವಾಗಿ ಬಂತು. ಹೆಂಡತಿ ಅದನ್ನು ಕಂಪ್ಯೂಟರಿನಲ್ಲಿ ಒತ್ತಿದರು. 'ಈ ಜಾಲತಾಣಕ್ಕೆ ಮನೆಯ ಯಜಮಾನರ ಅನುಮತಿ ಇಲ್ಲ' ಎಂದು ಪರದೆ ಉತ್ತರಿಸಿತು.

"ರೀ, ಯಜಮಾನ್ರೇ! ಒಂದು ನಿಮಿಷದ ಕೆಲಸ ಇದೆ, ಬರ್ತೀರಾ?"

ಯಜಮಾನರು ತೋಳು ಮಡಚಿ ಬಂದು ಕುಳಿತು ತಮ್ಮ ತುಂಡು ಒತ್ತಿದರು. ಮಗಳು ತನ್ನದನ್ನು ಒತ್ತಿದಳು. ಮಂಚದ ಮೇಲೆ ಅಡ್ಡಾಗಿದ್ದ ಅಮ್ಮನನ್ನು ಗೌರವದಿಂದ ಕರೆತಂದು ಕೂರಿಸಿದರು.

ಅಮ್ಮ ಕೀಲಿಮಣೆಯನ್ನು ಹೊಸದಾಗಿ ನೋಡುವವರಂತೆ ನೋಡಿದರು. "ಈಗ ಏನು ಒತ್ತಲೋ?"

"ನಿನ್ನೆ ಒತ್ತಿದ್ದನ್ನೇ ಒತ್ತಮ್ಮ."

"ನಿನ್ನೆ ಏನು ಒತ್ತಿದ್ದೆ?"

ಡಾಕ್ಟರು ಕುರ್ಚಿಯನ್ನು ಅಮ್ಮನ ಪಕ್ಕಕ್ಕೆ ಎಳೆದುಕೊಂಡರು.

"ಅಮ್ಮಾ, ತಮಾಷೆ ಮಾಡಬೇಡ. ನಿನಗೆ ಗೊತ್ತಿರಲೇಬೇಕಲ್ಲ!"

"ಯಾರಿಗೂ ಗೊತ್ತಾಗಬಾರದು ಅಂತ ನೀನೇ ಅಂದೆಯಲ್ಲೋ! ಅದಕ್ಕೆ ಕಣ್ಣು ಮುಚ್ಕೊಂಡು, ಬೆರಳಿಗೆ ಸಿಕ್ಕಿದ್ದು ಒತ್ತಿದೆ. ನನಗೂ ಗೊತ್ತಾಗಲಿಲ್ಲ!" ಅಮ್ಮನ ಮುಖದಲ್ಲಿ ಕೊಟ್ಟ ಮಾತು ಉಳಿಸಿಕೊಂಡ ತೃಪ್ತಿ ಇತ್ತು.

"ಅಜ್ಜಿ, ನೀನು ಅಪ್ಪನಿಗಿಂತ ದೊಡ್ಡ ಬೀಗದ ಡಾಕ್ಟರು!" ಎಂದು ಮಗಳು ಚಪ್ಪಾಳೆ ತಟ್ಟಿದಳು. ತಾಯಿಯ ಮುಖ ನೋಡಿ ಎರಡನೆಯ ಚಪ್ಪಾಳೆಯನ್ನು ಅರ್ಧಕ್ಕೇ ನಿಲ್ಲಿಸಿದಳು.

ಅಮ್ಮನ ಬೆರಳುಗಳನ್ನು ನಂಬಿ ಮೂರು ಸಲ ಪ್ರಯತ್ನಿಸಿದರು. ಮೂರನೆಯ ಸಲ ಪೆಟ್ಟಿಗೆ ಮುನಿಸಿಕೊಂಡು, ಎರಡು ಗಂಟೆ ಬಿಟ್ಟು ಬನ್ನಿ ಎಂದಿತು. ಗಡಿಯಾರದಲ್ಲಿ ಎರಡೂವರೆ. ಡಾಕ್ಟರು ಲೆಕ್ಕ ಹಾಕಿದರು. ಹೆಂಡತಿ ಅವರಿಗಿಂತ ಮುಂಚೆಯೇ ಹಾಕಿ ಮುಗಿಸಿದ್ದರು.

"ಏನೂ ಆಗಿಲ್ಲ! ನನ್ನ ಕೈಗೆ ಬಗ್ಗದ ಬೀಗ ಇನ್ನೂ ಹುಟ್ಟಿಲ್ಲ!"

"ಹುಟ್ಟಿದೆ ರೀ. ನಿನ್ನೆ ಸಾಯಂಕಾಲ. ನೀವೇ ಹೆತ್ತದ್ದು."

ಪೆಟ್ಟಿಗೆಯ ಕಂಪನಿಯ ಸಹಾಯವಾಣಿಗೆ ಫೋನು ಹೋಯಿತು. ಒಂದು ಗಂಟೆ ಸಂಗೀತ ಕೇಳಿಸಿದ ಮೇಲೆ ಒಬ್ಬ ಸಿಕ್ಕಿದ.

"ಪಾಸ್‌ವರ್ಡ್ ಮರೆತೋಗಿದ್ರೆ ನಮ್ಮ ಜಾಲತಾಣಕ್ಕೆ ಹೋಗಿ ಸಾರ್."

"ಅದಕ್ಕೂ ಬೀಗ ಬಿದ್ದಿದೆಯಪ್ಪ."

"ಯಾರು ಹಾಕಿದ್ದು ಸಾರ್?"

"ಯಾರೋ... ರಿಪೇರಿಯೋರು."

"ಸರಿಯಾಗಿ ಗೊತ್ತಿಲ್ದೋರ ಕೈಗೆಲ್ಲ ಯಾಕೆ ಕೊಡ್ತೀರಾ ಸಾರ್! ಹೋಗ್ಲಿ, ಪೆಟ್ಟಿಗೆ ಹಿಂದೆ ಒಂದು ಸಣ್ಣ ತೂತು ಇದೆ. ಅದರೊಳಗೆ ಪಿನ್ ಇಟ್ಟು ಹತ್ತು ಸೆಕೆಂಡ್ ಒತ್ತಿ ಹಿಡೀರಿ. ಬೀಗ ಎಲ್ಲ ಹೋಗುತ್ತೆ."

ತೂತು! ಡಾಕ್ಟರ ಕಣ್ಣು ಮಿಂಚಿತು. ತೂತೆಂದ ಮೇಲೆ ಅದು ಅವರ ಸಾಮ್ರಾಜ್ಯ. ಚೀಲದಿಂದ ತಮ್ಮ ಅತಿ ನವಿರಾದ ಕೊಕ್ಕೆಕಡ್ಡಿ ತೆಗೆದರು. ಸರ್ಜನ್ನಿನಂತೆ ಪೆಟ್ಟಿಗೆಯನ್ನು ಬೋರಲು ಮಲಗಿಸಿ, ಕಡ್ಡಿ ಒಳಗಿಟ್ಟು, ಕಿವಿ ಆನಿಸಿದರು. ಆತ ಹೇಳಿದ್ದು ಒತ್ತಿ ಎಂದು. ಆದರೆ ಇಪ್ಪತ್ತಾರು ವರ್ಷ ಪಳಗಿದ ಬೆರಳುಗಳು ಯಾರ ಮಾತು ಕೇಳುತ್ತವೆ? ತೂತಿನೊಳಗೆ ಕಡ್ಡಿ ಹೋದ ಕೂಡಲೇ ಅವು ತಮ್ಮ ಪಾಡಿಗೆ ತಾವು ತಿರುಗಿಸಿದವು!

ಒಳಗೆ 'ಟಿಕ್' ಎಂದಿತು.

"ಕೇಳಿಸ್ತಾ? ತೆಗೀತು!" ಎಂದು ಡಾಕ್ಟರು ಎದೆ ಉಬ್ಬಿಸಿದರು.

ಪೆಟ್ಟಿಗೆಯ ಹಸಿರು ದೀಪ ಕೆಂಪಾಯಿತು, ಕೆಂಪು ಕಪ್ಪಾಯಿತು. ಕೊಂಬೊಂದು ಸದ್ದಿಲ್ಲದೆ ಕಳಚಿ ಅವರ ಮಡಿಲಿಗೆ ಬಿತ್ತು. ಈಗ ಬೇಡದ ಜಾಲತಾಣ ಒಂದೂ ಮನೆಯೊಳಗೆ ಬರುವಂತಿರಲಿಲ್ಲ. ಶಪಥ ಅಕ್ಷರಶಃ ನೆರವೇರಿತ್ತು!

ಹೆಂಡತಿ ಕೂಗಾಡಲಿಲ್ಲ. ಕುರ್ಚಿಯಲ್ಲಿ ಕುಳಿತು, ಉತ್ತರ ಬರೆದಿಟ್ಟ ನೋಟ್‌ಪುಸ್ತಕವನ್ನು ಮೆಲ್ಲಗೆ ಮುಚ್ಚಿದರು. "ಹೋಗ್ಲಿ ಬಿಡಿ. ನನ್ನ ಹಣೇಲಿ ಆ ಮೂರು ಕೋಣೆನೇ ಬರೆದಿದೆ" ಎಂದರು. ಕೂಗಾಡಿದ್ದರೆ ಡಾಕ್ಟರು ತಡೆದುಕೊಳ್ಳುತ್ತಿದ್ದರು. ಆ ಮುಚ್ಚಿದ ಪುಸ್ತಕವನ್ನು ನೋಡಿ ಅವರು ಧಡಕ್ಕನೆ ಎದ್ದು ನಿಂತರು.

"ಏಳೇ! ಪಕ್ಕದ ಮನೇಲಿ ಇಂಟರ್‌ನೆಟ್ ಇದೆ!"

"ಅವರು ಊರಲ್ಲಿಲ್ಲ. ಬೀಗ ಹಾಕಿದೆ."

"ಆ ಬೀಗ ಎರಡೇ ನಿಮಿಷ!"

"ಮುಖ್ಯ ಶಿಕ್ಷಕಿ ಆಗೋಕೆ ಮುಂಚೆ ನನ್ನನ್ನ ಕಳ್ಳಿ ಮಾಡ್ತೀರಾ?"

ಮಗಳು ಫೋನು ಎತ್ತಿ ತೋರಿಸಿದಳು. "ಅಪ್ಪಾ, ಇದರಲ್ಲೂ ಸಂದರ್ಶನ ಆಗುತ್ತೆ. ಆದ್ರೆ ಮನೆಯೊಳಗೆ ಮಾತಾಡೋಷ್ಟು ಮಾತ್ರ ಸಿಗ್ನಲ್ ಬರೋದು, ಮುಖ ಕಾಣಲ್ಲ. ತಾರಸಿ ಮೇಲೆ, ನೀರಿನ ಟ್ಯಾಂಕ್ ಪಕ್ಕ ಚೆನ್ನಾಗಿ ಬರುತ್ತೆ."

ನಾಲ್ಕಕ್ಕೆ ಹನ್ನೆರಡು ನಿಮಿಷವಿತ್ತು. ಕುರ್ಚಿ ಮೆಟ್ಟಿಲು ಹತ್ತಿತು. ಅಮ್ಮ ಒಣಗಲು ಹಾಕಿದ್ದ ಬಿಳಿ ಹೊದಿಕೆಯನ್ನು ಹೆಂಡತಿಯ ಬೆನ್ನ ಹಿಂದೆ ಪರದೆಯಂತೆ ಎಳೆದು ಕಟ್ಟಿದರು. ಸಿಗ್ನಲ್ಲು ಮಾತ್ರ ಮಹಾ ಬಿಂಕದ್ದು. ಟ್ಯಾಂಕಿನ ಎಡಮೂಲೆಯಲ್ಲಿ, ನೆಲದಿಂದ ಐದಡಿ ಎತ್ತರದಲ್ಲಿ, ಫೋನು ಚೂರೇ ಓರೆಯಾಗಿದ್ದರೆ ಮಾತ್ರ ಬರುತ್ತಿತ್ತು. ಅಂಥ ಜಾಗದಲ್ಲಿ ಫೋನು ನಿಲ್ಲಿಸಲು ಏನೂ ಇರಲಿಲ್ಲ, ಡಾಕ್ಟರ ಹೊರತು. ಅವರು ಒಂದು ಕಾಲನ್ನು ಇಟ್ಟಿಗೆಯ ಮೇಲೂ ಇನ್ನೊಂದನ್ನು ಪೈಪಿನ ಮೇಲೂ ಇಟ್ಟು, ಎರಡು ಕೈಯಲ್ಲಿ ಫೋನು ಹಿಡಿದು, ಅದರ ಹಿಂದೆ ಉಸಿರು ಬಿಗಿಹಿಡಿದು ನಿಂತರು.

"ಏನೇ ಆದ್ರೂ ಬಾಯಿ ಬಿಡಕೂಡದು" ಎಂದರು ಹೆಂಡತಿ.

"ಬೀಗ ಹಾಕಿದೀನಿ."

"ಆ ಮಾತು ಎತ್ತಬೇಡಿ!"

ನಾಲ್ಕಕ್ಕೆ ಸರಿಯಾಗಿ ಸಮಿತಿ ಬಂತು. ಇಬ್ಬರು ಗಂಡಸರು, ಒಬ್ಬರು ಅಧ್ಯಕ್ಷೆ. ಹೆಂಡತಿ ಮೊದಲೆರಡು ಉತ್ತರಕ್ಕೆ ತಡವರಿಸಿದರು. ಮೂರನೆಯ ಪ್ರಶ್ನೆ ಅಧ್ಯಕ್ಷೆಯದು. "ನಮ್ಮ ಶಾಲೆಯಲ್ಲಿ ಮೂವತ್ತು ಕಂಪ್ಯೂಟರಿದೆ. ಮಕ್ಕಳು ಬೇಡದ ಜಾಲತಾಣ ನೋಡದ ಹಾಗೆ ನೀವು ಏನು ಮಾಡ್ತೀರಿ?"

ಹೆಂಡತಿಯ ಬೆನ್ನು ನೆಟ್ಟಗಾಯಿತು. ಕಣ್ಣು ಫೋನಿನ ಮೇಲಂಚನ್ನು ದಾಟಿ, ಹಿಂದಿದ್ದ ಎರಡು ಕಣ್ಣುಗಳನ್ನು ನೇರವಾಗಿ ನೋಡಿತು.

"ಏನು ಮಾಡಬಾರದು ಅಂತ ಮೊದಲು ಹೇಳ್ತೀನಿ ಮೇಡಂ. ನನಗೆ ಗೊತ್ತಿರೋ ಮಹನೀಯರೊಬ್ಬರು ಇದ್ದಾರೆ..."

ಕನ್ನಡಿಯ ಮುಂದೆ ಒಮ್ಮೆಯೂ ಅಭ್ಯಾಸ ಮಾಡದ ಉತ್ತರ ಅದು! ಕಣ್ಣು ಹೊಡೆದ ಹೆಂಗಸು, ಫ್ರಿಜ್ಜಿನ ಸುತ್ತೋಲೆ, ಕಣ್ಣು ಮುಚ್ಚಿ ಒತ್ತಿದ ಎಂಟು ಅಕ್ಷರ, ಕಳಚಿ ಬಿದ್ದ ಕೊಂಬು, ಒಂದೂ ಬಿಡಲಿಲ್ಲ. ಸಮಿತಿಯವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಫೋನು ಗಡಗಡ ನಡುಗಿತು.

"ಮೇಡಂ, ಅಲ್ಲಿ ಏನು ಭೂಕಂಪನಾ?"

"ಇಲ್ಲ ಸಾರ್. ಸ್ಟ್ಯಾಂಡು ಸ್ವಲ್ಪ ಹಳೇದು" ಎಂದರು ಹೆಂಡತಿ. ಆಮೇಲೆ ಗಂಭೀರವಾಗಿ, "ಮಕ್ಕಳ ಪಕ್ಕ ಕೂತು, ಏನು ನೋಡ್ತೀರ, ಯಾಕೆ ನೋಡ್ತೀರ ಅಂತ ಕೇಳೋ ಒಬ್ಬರು ಬೇಕು ಸಾರ್. ಬೀಗ ಅದರ ಆಮೇಲೆ. ಬೀಗ ಹಾಕೋದಾದ್ರೂ ಮಕ್ಕಳನ್ನ ಕೇಳಿ ಹಾಕಬೇಕು" ಎಂದರು. ಮೂವರೂ ತಲೆಯಾಡಿಸಿ ಬರೆದುಕೊಂಡರು. ನಲವತ್ತು ನಿಮಿಷ ಮಾತು ನಡೆಯಿತು. ಅಷ್ಟೂ ಹೊತ್ತು ಡಾಕ್ಟರ ಕಾಲಿನಲ್ಲಿ ಇರುವೆ ಹರಿಯುತ್ತಿತ್ತು.

ಸೋಮವಾರ ಬೆಳಗ್ಗೆ ಅಧ್ಯಕ್ಷೆಯ ಫೋನು ಬಂತು. ಮಾತು ಕಡಿಯದಿರಲೆಂದು ಮನೆಮಂದಿಯೆಲ್ಲ ತಾರಸಿಗೆ ಓಡಿದರು. ಹೆಂಡತಿ ಸ್ಪೀಕರು ಹಾಕಿದರು.

"ಅಭಿನಂದನೆ ಮೇಡಂ! ಒಂದನೇ ತಾರೀಖಿನಿಂದ ನೀವೇ ನಮ್ಮ ಮುಖ್ಯ ಶಿಕ್ಷಕಿ."

ಅಮ್ಮ ಸೊಸೆಯನ್ನು ತಬ್ಬಿಕೊಂಡರು. ಮಗಳು ಕುಣಿದಳು. ಎಲ್ಲರಿಗಿಂತ ಹೆಚ್ಚು ಬೀಗಿದವರು ಡಾಕ್ಟರು. ತಮ್ಮ ಬೀಗವಿಲ್ಲದಿದ್ದರೆ ಆ ಉತ್ತರ ಎಲ್ಲಿಂದ ಬರುತ್ತಿತ್ತು? ಈ ವಿಚಾರವನ್ನು ಸಭೆಯ ಮುಂದಿಡಲು ಅವರು ಬಾಯಿ ತೆರೆಯುವಷ್ಟರಲ್ಲಿ ಅಧ್ಯಕ್ಷೆ ಮುಂದುವರಿಸಿದರು.

"ಇನ್ನೊಂದು ವಿಷಯ ಮೇಡಂ. ನಮ್ಮ ಶಾಲೆಗೂ ಫೋನ್ ಸ್ಟ್ಯಾಂಡ್ ತರಿಸಬೇಕು ಅಂತಿದ್ವಿ. ನಿಮ್ಮದು ನಲವತ್ತು ನಿಮಿಷ ಒಂದೇ ಕಡೆ ನಿಂತಿತ್ತು. ಮಧ್ಯದಲ್ಲಿ ಎರಡು ಸಲ ನಿಟ್ಟುಸಿರು ಬಿಡ್ತು, ಒಂದು ಸಲ 'ಅಯ್ಯೋ ಕಾಲು' ಅಂತು. ಅದೊಂದು ದೋಷ ಬಿಟ್ರೆ ಗಟ್ಟಿಮುಟ್ಟಾಗಿದೆ. ಅದು ಎಲ್ಲಿ ಸಿಗುತ್ತೆ?"

ಹೆಂಡತಿ ಗಂಡನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದರು.

"ಈಗ ಅಂಥದ್ದು ಬರ್ತಿಲ್ಲ ಮೇಡಂ. ಹದಿನೆಂಟು ವರ್ಷದ ಹಿಂದೆ ನಮ್ಮಪ್ಪ ನೋಡಿ ತಂದಿದ್ದು. ವಾಪಸ್ ತಗೊಳ್ಳಲ್ಲ ಅಂತ ಕೊಟ್ಟೋರು ಆಗಲೇ ಹೇಳಿಬಿಟ್ಟಿದ್ರು!"