‘ತ’ ಕಲಿಸಲು ಅವಕಾಶವಿಲ್ಲ

೧೯೫೮ರ ಸಂಕ್ರಾಂತಿಯ ಮರುದಿನದಿಂದ ಅಂಕಲಗಿ ಬಾಜೂದ ಒಂದು ಹಳ್ಳಿಯಲ್ಲಿ ಓದುಬರಹ ಬಾರದವರು ಯಾರೂ ಇಲ್ಲ. ಶಿಕ್ಷಣ ಖಾತೆಯ ಸಾಹೇಬರು ಬಂದು, ಹಾರ ಹಾಕಿಸಿಕೊಂಡು, ಹಾಗೆಂದು ಘೋಷಿಸಿ ಹೋದರು. ಘೋಷಣೆಯಾದ ಊರಲ್ಲಿ ವಯಸ್ಕರ ಸಾಲಿ ನಡೆಸುವುದು ನಿಯಮಬಾಹಿರವಾದ್ದರಿಂದ ಪಾಟಿ, ಕಂದೀಲು ಎಲ್ಲ ಜಪ್ತಾದವು. ಆಗ ಪಾಠ ‘ಣ’ದವರೆಗೆ ಬಂದಿತ್ತು.

ಪೇಚಿಗೆ ಬಿದ್ದವಳು ತಾಯವ್ವ. ನಿಡಸೋಸಿಗೆ ಕೊಟ್ಟ ಮಗಳು ಗೌರವ್ವ ತಿಂಗಳಿಗೊಂದು ಕಾಗದ ಬರೆಯುತ್ತಿದ್ದಳು. ಓದಿ ಹೇಳುವವನು ಟಪಾಲಿನ ಮಾಲಿಂಗಪ್ಪ. ಅವನು ಕಟ್ಟೆಯ ಮೇಲೆ ಓದಿದರೆ ಹಳ್ಳದಾಚೆ ಕೇಳುತ್ತಿತ್ತು. ಅತ್ತೆ ಹೊಟ್ಟೆತುಂಬ ರೊಟ್ಟಿ ಹಾಕುವುದಿಲ್ಲವೆಂಬ ಸುದ್ದಿ ಊರೆಲ್ಲ ಸುತ್ತಿ ಅತ್ತೆಯ ಕಿವಿಗೇ ಮುಟ್ಟಿತು. ಪಾಪ, ಆಮೇಲೆ ಆ ಹುಡುಗಿ ಪಟ್ಟ ಪಾಡು ಅವಳಿಗೇ ಗೊತ್ತು. ತಾಯವ್ವ ಸಾಲಿಗೆ ಸೇರಿದ್ದೇ ಮಗಳ ಕಾಗದ ತಾನೇ ಓದಬೇಕೆಂದು. ಕಾಗದ ಸುರುವಾಗುವುದು ‘ತೀರ್ಥರೂಪ ಅವ್ವನವರಿಗೆ’ ಎಂದು. ಮೊದಲ ಅಕ್ಷರಕ್ಕೇ ಅಡ್ಡಿ.

ಮಾಸ್ತರ ಮುರಿಗೆಪ್ಪ ಕಚೇರಿಗೆ ಹೋಗಿ ವಿಚಾರಿಸಿದ. ನಿಯಮ ಸ್ಪಷ್ಟವಿತ್ತು: ಓದುಬರಹ ಬಾರದವರು ಇನ್ನೂ ಉಳಿದಿದ್ದಲ್ಲಿ, ಹಾಗೆಂದು ಸ್ವಂತ ಕೈಬರಹದಲ್ಲಿ ಅರ್ಜಿ ಸಲ್ಲಿಸತಕ್ಕದ್ದು. ಹೆಬ್ಬೆಟ್ಟು ನಡೆಯತಕ್ಕದ್ದಲ್ಲ.

‘ಅರ್ಜಿ ಬರಿಯಾಕ ಕಲಸಬಾರದಂತ ನಿಯಮ ಐತೇನ್ರಿ?’

ಕಾರಕೂನರು ಮೂರು ಪುಸ್ತಕ ತಿರುವಿ, ಇಲ್ಲವೆಂದರು.

ಅಂದಿನಿಂದ ಆರು ತಿಂಗಳು ತಾಯವ್ವ ಮತ್ತು ಮೂವತ್ತೊಂದು ಮಂದಿ ಬರೀ ಅರ್ಜಿ ಕಲಿತರು. ‘ನನಗೆ ಓದಲು ಬರೆಯಲು ಬರುವುದಿಲ್ಲ’ ಎಂಬಲ್ಲಿ ‘ತ’ ಇಲ್ಲದ್ದರಿಂದ ಕೊನೆಗೆ ‘ತಮ್ಮ ವಿಧೇಯಳು ತಾಯವ್ವ’ ಎಂದು ಸೇರಿತು. ‘ಳ’ ರೂಢಿಯಾಗಲೆಂದು ಊರಿನ ಮಳೆ ಬೆಳೆಯ ವರದಿಯೂ ಸೇರಿತು. ಒಟ್ಟು ಅರ್ಜಿ ನಾಲ್ಕು ಪುಟವಾಯಿತು.

ಸಾಹೇಬರು ಓದಿದರು. ಅಕ್ಷರ ದುಂಡಗಿವೆ ಎಂದು ಮೆಚ್ಚಿ, ಆದೇಶ ಬರೆದರು: ‘ಅರ್ಜಿದಾರರು ನಿರಕ್ಷರಿಗಳೆಂಬುದು ಅವರ ಕೈಬರಹದಿಂದಲೇ ಸಿದ್ಧವಾಗಿದೆ. ಸಾಲಿ ಮಂಜೂರು.’ ಚಾವಡಿ ಮುಂದೆ ಅದನ್ನು ಎಲ್ಲರಿಗೂ ಓದಿ ಹೇಳಿದವಳು ತಾಯವ್ವ. ಊರಿಗೆ ಸಮಾಧಾನವಾಯಿತು.

ಮರುವಾರ ಮಾಲಿಂಗಪ್ಪ ಕಾಗದ ತಂದು, ರೂಢಿಯಂತೆ ಒಡೆಯಲು ಹೋದ. ತಾಯವ್ವ ಇಸಿದುಕೊಂಡು ಹೊಸ್ತಿಲ ಮೇಲೆ ಕೂತಳು. ತುಟಿ ಪಿಟಕ್ಕೆನ್ನದೆ ಒಮ್ಮೆ ಓದಿದಳು, ಇನ್ನೊಮ್ಮೆ ಓದಿದಳು. ಕಣ್ಣೊರೆಸಿಕೊಂಡು ಕಾಗದವನ್ನು ಕುಬಸದೊಳಗೆ ಇಟ್ಟಳು.

‘ಏನ ಬರದಾಳಬೇ ಗೌರವ್ವ?’

‘ನನಗೇನ ಗೊತ್ತೋ ಯಪ್ಪಾ. ನನಗ ಓದಾಕ ಬರೂದಿಲ್ಲಂತ ಸರಕಾರನ ಬರದ ಕೊಟ್ಟೈತಿ.’

ಮಾಲಿಂಗಪ್ಪನೂ ಸರಕಾರದ ಮನುಷ್ಯ. ಖರೇ ಎಂದು ಒಪ್ಪಿ ಮುಂದಿನ ಮನೆಗೆ ಹೋದ.