ಗೇಟಿನ ಯಜಮಾನಿ

ನಮ್ಮ ದೊಡ್ಡಪ್ಪನ ಫೋನಿನಲ್ಲಿ ಮನೆಯಲ್ಲಿರುವ ಎಲ್ಲರ ಫೋಟೋಗಳೂ ಇವೆ. ಎಂಟಕ್ಕಿಂತ ಕಡಿಮೆ ಕಾಲಿನವರನ್ನು ಬಿಟ್ಟು! ನನ್ನ ಪದವಿ ಪ್ರದಾನದ ದಿನವೂ ಅವರು ಫೋನು ಹಿಡಿದದ್ದು ನನ್ನ ಕಡೆಗಲ್ಲ, ಕುರ್ಚಿಯ ಕಾಲಿನ ಜೇಡದ ಕಡೆಗೆ.

ಆದೋನಿಯ ಹತ್ತಿ ಮಾರುಕಟ್ಟೆಯಲ್ಲಿ ಚಿಟಿಕೆ ಹತ್ತಿಯನ್ನು ಬೆರಳುಗಳಲ್ಲಿ ಹಿಡಿದೆಳೆದು, ಎಳೆಯ ಉದ್ದ ನೋಡಿ ದರ್ಜೆ ಹೇಳುವುದು ಅವರ ಕೆಲಸವಾಗಿತ್ತು. ಕೆಲಸ ಬಿಟ್ಟ ಮೇಲೆ ಬೆರಳು ಸುಮ್ಮನಿರಬೇಕಲ್ಲ? ಮೂಲೆಯ ಬಲೆ ಸಿಕ್ಕಿತು.

"ಎಂಥಾ ಎಳಿ ನೋಡವ್ವ. ಇಂಥಾ ಮಾಲು ನಮ್ಮ ಯಾರ್ಡಿಗೆ ಒಂದಿನಾನೂ ಬರಲಿಲ್ಲ."

ಬಲೆ ಫೋಟೋದಲ್ಲಿ ಎದ್ದು ಕಾಣಲೆಂದು ಒಮ್ಮೆ ಅಜ್ಜಿಯ ವಿಭೂತಿ ತಂದು ಊದಿದರು. ಫೋಟೋ ಚೆನ್ನಾಗಿ ಬಂತು. ಆದರೆ ಜೇಡ ಬಲೆಯನ್ನೆಲ್ಲ ತಿಂದು ಹೊರಟುಹೋಯಿತು. ಅಜ್ಜಿ ಮಾತು ಬಿಟ್ಟಳು. ದೊಡ್ಡಪ್ಪ ಮೊದಲು ಹುಡುಕಿಕೊಂಡು ಹೋದದ್ದು ಯಾರನ್ನು ಎಂದು ಹೇಳಬೇಕೇ?

ಈ ಚಳಿಗಾಲ ಒಂದು ದಪ್ಪ ಜೇಡ ನಮ್ಮ ಗೇಟಿನ ಎರಡು ಕಂಬಗಳ ನಡುವೆಯೇ ಬಲೆ ನೇಯ್ದಿತು. ಅಂದಿನಿಂದ ಗೇಟು ಬಂದ್! ನಾವು, ಹಾಲಿನವನು, ಗ್ಯಾಸ್ ಸಿಲಿಂಡರು, ಎಲ್ಲರೂ ಹಿತ್ತಲಿಂದ, ಅಡಿಗೆಮನೆಯ ಮೂಲಕ. ಬೆಳಿಗ್ಗೆ ಜಿನ್ನಿಂಗ್ ಮಿಲ್ಲುಗಳ ಕಡೆಯಿಂದ ಹತ್ತಿಯ ನವಿರು ತೇಲಿ ಬಂದು ಬಲೆಗೆ ಅಂಟುತ್ತಿತ್ತು. ಎಳೆಬಿಸಿಲಿನಲ್ಲಿ ಜೇಡ ಒಂದೊಂದನ್ನೇ ಬಿಡಿಸಿ ಕೆಳಗೆ ಬಿಡುತ್ತಿತ್ತು. ಅವು ಬೀಳುತ್ತಿರಲಿಲ್ಲ, ಇಳಿಯುತ್ತಿದ್ದವು. "ಆಕಿ ಕಸ ಆರಿಸಾಕತ್ತಾಳ," ಎನ್ನುತ್ತ ದೊಡ್ಡಪ್ಪ ಉಸಿರು ಬಿಗಿಹಿಡಿದು ಫೋನು ಎತ್ತುತ್ತಿದ್ದರು. ಅವರ ಚಹಾ ಆರುತ್ತಿತ್ತು. ಮೆಟ್ಟಿಲ ಮೇಲೆ ಕೂತ ನನ್ನ ಪುಸ್ತಕದ ಪುಟವೂ ತಿರುಗುತ್ತಿರಲಿಲ್ಲ.

ಅಷ್ಟರಲ್ಲಿ ಪತ್ತಿಕೊಂಡದ ಗಂಡಿನ ಕಡೆಯವರು ನಾಳೆಯೇ ನನ್ನನ್ನು ನೋಡಲು ಬರುತ್ತೇವೆಂದು ತಿಳಿಸಿದರು. ಅವ್ವ ಕಸಬರಿಗೆ ಹಿಡಿದಳು.

"ಗಂಡಿನ ಕಡ್ಯಾರು ಹಿತ್ತಲಿಂದ ಬರಬೇಕೇನ್ರಿ ಭಾವಾರ?"

"ಬರಲೇಳಮ್ಮ. ಮದಲ ಅಡಿಗಿಮನಿ ನೋಡಿದ್ರ ಮನಿ ಎಂಥಾದ್ದು ಅಂತ ಗೊತ್ತಾಗತೈತಿ."

ನಾನು ಹುಡುಗನ ಜೊತೆ ಎರಡು ಸಲ ಫೋನಿನಲ್ಲಿ ಮಾತಾಡಿದ್ದೆ. ಮೂರನೆಯ ಸಲವೂ ಮಾತಾಡಬೇಕು ಅನಿಸಿತ್ತು. ಹಿತ್ತಲಿಂದ ಕರೆತಂದರೆಂದು ಅವರ ಮನೆಯವರು ಮುನಿದರೆ? ಸಂಜೆ ದೊಡ್ಡಪ್ಪ ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು, ಎಳೆ ನೋಡುವ ಹಾಗೆ.

"ಈ ಸಂಬಂಧ ಆಗಲಿ ಅನಸತೈತೇನವ್ವ ನಿನಗ?"

"ಹ್ಞೂಂ," ಅಂದೆ.

ಮರುದಿನ ಬೆಳಿಗ್ಗೆ ಎದ್ದಾಗ ಗೇಟು ಪೂರ್ತಿ ತೆರೆದಿತ್ತು. ಜೇಡ ಪಕ್ಕದ ಕಣಗಿಲೆ ಗಿಡದಲ್ಲಿ, ಕಡ್ಡಿಯೊಂದಕ್ಕೆ ಅಂಟಿ ಮುದುಡಿ ಕೂತಿತ್ತು. ದೊಡ್ಡಪ್ಪ ಬಿಳಿ ಪಂಚೆಯುಟ್ಟು ಕಂಬದ ಹತ್ತಿರ ನಿಂತು, "ಬರ್ರಿ, ಬರ್ರಿ" ಎಂದು ಬಂದವರಿಗೆ ಕೈ ಮುಗಿದರು. ಬೆರಳ ತುದಿಗಳಲ್ಲಿ ಬಲೆಯ ಎಳೆಗಳು ಇನ್ನೂ ಅಂಟಿಕೊಂಡಿದ್ದವು.

ಅದರ ಮಾರನೆಯ ಬೆಳಿಗ್ಗೆ ಹುಡುಗನ ಫೋನು ಬಂತು. ಮಾತಾಡುತ್ತ ಅಂಗಳಕ್ಕೆ ಬಂದರೆ, ಗೇಟಿನಲ್ಲಿ ಹೊಸ ಬಲೆ. ಹಾಲಿನ ಪಾತ್ರೆ ಹಿಡಿದು ಹೊರಟಿದ್ದ ಅವ್ವ ಅದನ್ನು ನೋಡಿದಳು. ಹಿತ್ತಲ ಕಡೆ ತಿರುಗಿದಳು.

"ಒಂದು ನಿಮಿಷ ಇರಿ," ಎಂದು ಹುಡುಗನಿಗೆ ಹೇಳಿ, ನಾನು ದೊಡ್ಡಪ್ಪನನ್ನು ಎಬ್ಬಿಸಲು ಓಡಿದೆ.