ಮಾವನ ಕ್ಲಚ್ ಲಿವರ್

ಹಳೆಯ ವಸ್ತುಗಳ ಮೇಲೆ ವಿಪರೀತ ಗೌರವ ಇಟ್ಟುಕೊಂಡವರು ಹತ್ತಿರದ ಮನುಷ್ಯರಿಗೆ ಅಪಾಯಕಾರಿ. ನಾನೂ ಆ ಪೈಕಿಯವನೇ. ಎಂಬತ್ತರ ದಶಕದಲ್ಲಿ, ಕೊಯಮತ್ತೂರಿನ ಬಳಿಯ ಸೋಮನೂರಿನಲ್ಲಿ, ನಮ್ಮ ಮಗ್ಗದ ಶೆಡ್ಡಿನ ಮೂಲೆಯಲ್ಲಿ ರಂಗಸಾಮಿ ಮಾವನ ಮಣ್ಣಿನ ರೇಸಿನ ಬೈಕು ನಿಂತಿತ್ತು. ಮಾವ ಎಂದರೆ ಅಮ್ಮನ ತಮ್ಮ. ಹರೆಯದಲ್ಲಿ ಅದನ್ನು ಸುತ್ತಲ ದಿಬ್ಬಗಳ ಮೇಲೆಲ್ಲ ಹಾರಿಸಿ, ಕೊನೆಗೊಮ್ಮೆ ಬಿದ್ದು, ಎಡಗೈಯ ಎರಡು ಬೆರಳು ಮಡಚದಂತೆ ಮಾಡಿಕೊಂಡವರು. "ಬೈಕು ನೀನೇ ಇಟ್ಕೋ ಕಣ್ಣು. ಆಯುಧ ಪೂಜೆ ದಿನ ಮಾತ್ರ ಒಂದ್ ರೌಂಡ್ ನಂಗ್ ಬುಡು" ಎಂದು ಕೊಟ್ಟಿದ್ದರು. ಮುದ್ದಿಗೆ ನನ್ನನ್ನು ಕಣ್ಣು ಎಂದೇ ಕರೆಯುತ್ತಿದ್ದರು.

ಕೊಟ್ಟದ್ದೇ ತಡ, ನನಗೆ ಹುಚ್ಚು ಹಿಡಿಯಿತು. ಹಳೆಯ ವಿದೇಶಿ ಪತ್ರಿಕೆಯೊಂದರಲ್ಲಿ ಅದೇ ಬೈಕಿನ ಚಿತ್ರ ಸಿಕ್ಕಿತ್ತು. ಮಾವನ ಹರೆಯದ ಕಾಲದ ರೇಸಿನವರು ಕಂಪನಿಯ ಭಾಗಗಳನ್ನು ಕಿತ್ತು, ಹೊರಗಿನವರು ತಯಾರಿಸಿದ ಹ್ಯಾಂಡಲ್, ಮಡ್‌ಗಾರ್ಡ್, ಲಿವರ್ ಹಾಕಿಸುತ್ತಿದ್ದರಂತೆ. ನನಗೂ ಅವೇ ಬೇಕು, ಆ ಕಾಲದವೇ ಬೇಕು. ಹತ್ತು ತಿಂಗಳು ಕೊಯಮತ್ತೂರಿನ ಗುಜರಿ ಅಂಗಡಿಗಳ ಧೂಳು ಕುಡಿದೆ. ತಿರುಪ್ಪೂರಿನಲ್ಲಿ ಹತ್ತಿರದವರ ಮದುವೆಗೆ ಹೋದವನು ವರ್ಕ್‌ಶಾಪಿನಲ್ಲಿ ಕೂತು, ತಾಳಿ ಕಟ್ಟುವುದನ್ನೂ ಊಟವನ್ನೂ ಕಳೆದುಕೊಂಡೆ. ಕೊನೆಗೆ ಉಳಿದದ್ದು ಕ್ಲಚ್ ಲಿವರ್ ಒಂದೇ. ಬಿದ್ದ ಮೇಲೆ ಮಾವ ಮಗ್ಗದ ಹಳೆಯ ಕಂಬಿಯನ್ನು ಬಗ್ಗಿಸಿ, ಎಮ್ಮೆ ಚರ್ಮ ಸುತ್ತಿ ಮಾಡಿಕೊಂಡಿದ್ದ ಉದ್ದನೆಯ ವಿಕಾರ ಅದು. ಅದರ ಜಾಗಕ್ಕೆ ಪುಟ್ಟದೊಂದು ಹೊಳೆಯುವ ಲಿವರ್ ಕೂರಿಸಿದೆ. ಪೂಜೆಗೆ ಮುಂಚೆ ಶೆಡ್ಡು ಗುಡಿಸಿ ಹಳೆ ಕಬ್ಬಿಣ ಗುಜರಿಯವನಿಗೆ ಕೊಡುವುದು ನಮ್ಮಲ್ಲಿ ರೂಢಿ. ಕಂಬಿಯೂ ಅದರ ಜೊತೆ ಹೋಯಿತು.

ಪೂಜೆಯ ದಿನ ಮಗ್ಗಗಳು ನಿಂತಿದ್ದವು. ಬೈಕಿಗೆ ಕುಂಕುಮ, ಚಕ್ರದಡಿ ನಿಂಬೆಹಣ್ಣು. ಮಾವ ಇಸ್ತ್ರಿ ಅಂಗಿ ತೊಟ್ಟು ಬಂದರು. "ಅಳಗಾ ಮಾಡಿದೀಯ ಕಣ್ಣು!" ಎಂದು ಹೊಗಳಿ ಏರಿ ಕೂತರು. ಎಡಗೈಯಿಂದ ಲಿವರ್ ಒತ್ತಿದರು. ಅದು ಅಲುಗಲಿಲ್ಲ. ಮತ್ತೆ ಒತ್ತಿದರು.

"ನನ್ ಕಂಬಿ ಎಲ್ಲಿ?"

"ಅದು ಆ ಕಾಲದ್ದಲ್ಲ, ಮಾವ."

"ನಾನ್ ಆ ಕಾಲ್ದೋನು ತಾನೆ?" ಎಂದರು. ಕೋಪವಿರಲಿಲ್ಲ, ಅದೇ ಹೆಚ್ಚು ನೋಯಿಸಿತು. "ಪರವಾಯಿಲ್ಲ" ಎನ್ನುತ್ತ ಇಳಿದರು. ನಿಂಬೆಹಣ್ಣಿನ ಮೇಲೆ ಬೈಕನ್ನು ನಾವೇ ತಳ್ಳಿದೆವು.

ಮರುದಿನ ವಿಚಾರಿಸಿದರೆ, ಕಬ್ಬಿಣವೆಲ್ಲ ಆಗಲೇ ಫೌಂಡ್ರಿಯ ಕುಲುಮೆ ಸೇರಿತ್ತು. ಹೊಸದು ಮಾಡಿಸಲು ಲೇತ್‌ನವನ ಬಳಿ ಓಡಿದೆ. ಎಷ್ಟು ಉದ್ದ, ಯಾವ ಬೆರಳಿನಿಂದ ಎಳೆಯುತ್ತಾರೆ ಎಂದು ಅವನು ಕೇಳಿದ. ಬೈಕಿನ ಪ್ರತಿ ಬೋಲ್ಟಿನ ಅಳತೆಯೂ ಬಾಯಿಪಾಠವಾಗಿದ್ದ ನನಗೆ ಮಾವನ ಮಡಚದ ಬೆರಳು ಯಾವ ಎರಡು ಎಂಬುದು ಗೊತ್ತಿರಲಿಲ್ಲ. ನಾಚಿಕೆ ಬಿಟ್ಟು ಅವರನ್ನೇ ಕೇಳಿದೆ. "ಈಗ್ಯಾಕೆ ಕಣ್ಣು, ಬುಡು" ಎಂದು ಎಡಗೈಯನ್ನು ಹೆಗಲ ಟವಲಿನಡಿ ಸೇರಿಸಿಕೊಂಡರು.

ನೋಡಿದವರು ಈಗಲೂ ಬೈಕನ್ನು ಹೊಗಳುತ್ತಾರೆ. ನಾನು ಕಾಫಿ ತರಿಸಿ ಮಾತು ಬದಲಿಸುತ್ತೇನೆ.